ಮೀನಿನೊಳಗಿನ ಬರ್ಫ

ರವಿವಾರ, 1 ಡಿಸೆಂಬರ್ 2024

ಆಸಿಫಾ ಕಾರವಾರದಿಂದ ಕಳಿಸಿದ ಲಕೋಟೆ ಇವತ್ತು ಮುಂಜಾನೆ ಬಸ್ಸಿನವನ ಕೈಯಲ್ಲಿ ಬಂತು. ಕಂಡಕ್ಟರ್ ನಮ್ಮ ಅಂಬೇವಾಡಿ ಸ್ಟಾಪಿನಲ್ಲಿ ಇಳಿದು, 'ಅಜ್ಜಾರ, ಈ ಸಲ ನಿಮ್ಮ ಮೊಮ್ಮಗಳು ವಾಸನಿ ಇಲ್ಲದ್ದು ಕಳಸ್ಯಾಳ ನೋಡ್ರಿ' ಎಂದ. ಹೋದ ಸಲ ಒಣಮೀನು ಕಳಿಸಿದ್ದಳು. ಇಡೀ ಬಸ್ಸು ಅವನಿಗೆ ಬೈದಿತ್ತಂತೆ.

ಲಕೋಟೆಯಲ್ಲಿ ಎಂಟು ಹಾಳೆ. ಅವಳು ಅಲ್ಲಿ ಕಲಿಯುತ್ತಿರುವುದು ಸಮುದ್ರದ ಜೀವಿಗಳ ವಿದ್ಯೆ. ಈಗ ಸಾಲಿ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದಾಳೆ, ಮಂಜುಗಡ್ಡೆ, ನಮ್ಮ ಬಾಯಲ್ಲಿ ಬರ್ಫ, ತೇಲುವ ಸಮುದ್ರದಲ್ಲಿ ಮೀನು ಹೇಗೆ ಬದುಕುತ್ತವೆ ಎಂದು. ಮೇಲೊಂದು ಚೀಟಿ: 'ದಾದಾ, ಬರ್ಫದ ವಿಷಯ ನನಗಿಂತ ನಿಮಗೆ ಹೆಚ್ಚು ಗೊತ್ತು. ಎಲ್ಲಿ ತಪ್ಪಿದೆ, ಎಲ್ಲಿ ಕನ್ನಡ ಕಲ್ಲಾಗಿದೆ, ಗುರುತು ಹಾಕಿ.'

ನಾನು ಕಲಿತದ್ದು ಮೂರನೇ ಇಯತ್ತೆ. ಉಳಿದದ್ದನ್ನು ಮೀನು ಸುತ್ತಿ ಬರುತ್ತಿದ್ದ ಹಳೇ ಪೇಪರಿನಲ್ಲಿ ಓದಿಕೊಂಡೆ. ಮನೆಯಲ್ಲಿ ಮಾತು ಉರ್ದು, ಕೈಗೆ ಬರುವ ಅಕ್ಷರ ಕನ್ನಡ. ನಮ್ಮ ಖಾನದಾನಿನಲ್ಲಿ ಯಾರ ಮದುವೆಯಾಗಲಿ, ಯಾರ ಮಯ್ಯತ್ ಆಗಲಿ, ಊರೂರಿಗೆ ಪತ್ರ ಬರೆಯುವವನು ಈ ತಾಜುದ್ದೀನನೇ. ಫೋನು ಬಂದ ಮೇಲೂ ಬಿಟ್ಟಿಲ್ಲ. ಈ ವಹಿ ಮಾತ್ರ ಯಾರಿಗೂ ಕಳಿಸುವುದಲ್ಲ.

ಓದಿದೆ. ಸಮುದ್ರದ ನೀರು ಉಪ್ಪಾದ್ದರಿಂದ ಸೊನ್ನೆಗೆ ಗಟ್ಟಿಯಾಗುವುದಿಲ್ಲ, ಹತ್ತಿರ ಹತ್ತಿರ ಎರಡು ಡಿಗ್ರಿ ಕೆಳಗೆ ಹೋಗಬೇಕು. ಮೀನಿನ ರಕ್ತದಲ್ಲಿ ಅಷ್ಟು ಉಪ್ಪಿಲ್ಲ. ಇದು ನನಗೆ ಗೊತ್ತಿದ್ದ ಲೆಕ್ಕವೇ. ದಾಂಡೇಲಿಯ ಬರ್ಫ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಮಷಿನ್ ನಡೆಸಿದವನು ನಾನು. ದೊಡ್ಡ ಟಾಕಿಯ ತುಂಬ ಉಪ್ಪುನೀರು, ಹತ್ತು ಡಿಗ್ರಿ ಕೆಳಗೆ ಹೋದರೂ ಅದು ನೀರೇ. ಅದರೊಳಗೆ ಸಿಹಿನೀರು ತುಂಬಿದ ಡಬ್ಬಿ ಇಳಿಬಿಟ್ಟರೆ ಡಬ್ಬಿಯ ನೀರು ಬರ್ಫದ ಒಂದೇ ಗಟ್ಟಿ ತುಂಡು, ಲಾದಿ, ಆಗುತ್ತದೆ. ಹೊರಗಿನದು ಹರಿಯುತ್ತಿರುತ್ತದೆ, ಒಳಗಿನದು ಕಲ್ಲು. ಅಂದರೆ ಆ ಸಮುದ್ರದಲ್ಲಿ ಮೀನು ಎಂದರೆ ನಮ್ಮ ಡಬ್ಬಿ. ಕಾಯಿದೆ ಪ್ರಕಾರ ಅದು ಲಾದಿಯಾಗಬೇಕು. ಯಾಕೆ ಆಗುವುದಿಲ್ಲ? ಮುಂದಿನ ಕಂತಿನಲ್ಲಿ ಹೇಳುತ್ತಾಳಂತೆ. ಕಿಲಾಡಿ.

ಬುಧವಾರ, 4 ಡಿಸೆಂಬರ್

ತಾಯವ್ವ ಬಂದಿದ್ದಳು. ಹನ್ನೊಂದು ವರ್ಷಕ್ಕೆ.

ತಾಯವ್ವ ಪುಂಡಲೀಕನ ಹೆಂಡತಿ. ಪುಂಡಲೀಕ ನನ್ನ ಜೋಡಿ ಆಪರೇಟರ್, ನನ್ನ ಪಾಳಿ ಮುಗಿದರೆ ಅವನ ಪಾಳಿ. ಹಳಿಯಾಳದ ಆಚೆ ತೇರಗಾಂವದಿಂದ ದಿನಾ ಬಸ್ಸಿಗೆ ಬರುತ್ತಿದ್ದ. ಇವಳು ನನ್ನನ್ನು ಅಣ್ಣ ಎಂದು ಮಾಡಿಕೊಂಡವಳು. ಪಂಚಮಿ ಬಂತೆಂದರೆ ಡಬ್ಬಿ ತುಂಬ ಉಂಡಿ, ರಮಜಾನಿಗೆ ನಮ್ಮ ಮನೆಯಿಂದ ಶೀರಕುರ್ಮಾ. 2013ರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಅಮೋನಿಯಾ ಸೋರಿತು. ಪುಂಡಲೀಕನ ಎರಡೂ ಕಣ್ಣು ಹೋದವು, ಎದೆ ಸುಟ್ಟಿತು. ಕುಡಿದು ಬಂದು ವಾಲ್ವ್ ತೆಗೆದು ಬಿಟ್ಟ ಎಂದು ಮಂದಿ ಅಂದರು. ಮ್ಯಾನೇಜರ್ ರಜಿಸ್ಟರಿನಲ್ಲಿ ಹಾಗೆಯೇ ಬರೆದ. ಆಮೇಲೆ ತಾಯವ್ವ ಫ್ಯಾಕ್ಟರಿ ಗೇಟಿನ ಮುಂದೆ ನಿಂತು, ಎಲ್ಲರ ಎದುರು, ಮಣ್ಣು ತೂರಿ, 'ತಾಜ್ಯಾ, ನಿನ್ನ ಮನೀನೂ ಹಿಂಗ ಕತ್ತಲಾಗಲಿ' ಎಂದಳು. ನಾನೇನು ಮಾಡಿದ್ದೆ? ಅಂದಿನಿಂದ ಉಂಡಿಯಿಲ್ಲ, ಮಾತಿಲ್ಲ. ನಾನು ಮರೆತಿಲ್ಲ.

ಇವತ್ತು ಕಟ್ಟೆಯ ತುದಿಗೆ ಕೂತು ಮಗಳ ವಿಷಯ ಹೇಳಿದಳು. ದಾನೇಶ್ವರಿಗೆ ಮುಂಡಗೋಡದ ಹತ್ತಿರದ ಇಂದೂರು ಹಳ್ಳಿಯಿಂದ ವರ ಬಂದಿದೆ. ಹುಡುಗಿ ಮನಸ್ಸಿಗೆ ಬಂದಿದ್ದಾಳೆ, ಆದರೆ ಅಪ್ಪ ಕಳ್ಳಭಟ್ಟಿ ಕುಡಿದು ಕಣ್ಣು ಕಳಕೊಂಡವನಂತಲ್ಲ ಎಂದು ಯಾರೋ ಕಿವಿಗೆ ಹಾಕಿದ್ದಾರೆ. ಹನ್ನೊಂದು ವರ್ಷದಲ್ಲಿ ಮಂದಿಯ ಬಾಯಲ್ಲಿ ಗ್ಯಾಸು ಹೋಗಿ ಭಟ್ಟಿ ಬಂದಿದೆ. ಹೊಸ್ತಿಲ ಹುಣ್ಣಿಮೆಯ ರವಿವಾರ ಇಂದೂರಿನವರು ಖಾತ್ರಿ ಮಾಡಿಕೊಳ್ಳಲು ಬರುತ್ತಾರೆ. ಮರುದಿನದಿಂದ ಧನುರ್ಮಾಸ. ಅವತ್ತು ಆಗದಿದ್ದರೆ ಬೇರೆ ಕಡೆ ನೋಡುತ್ತಾರೆ. ದವಾಖಾನೆಯ ಕಾಗದ ಮನೆ ಸೋರಿ ಎಂದೋ ಹಾಳಾಗಿವೆ. ಫ್ಯಾಕ್ಟರಿ ಮುಚ್ಚಿ ಎಂಟು ವರ್ಷ, ಮ್ಯಾನೇಜರ್ ತೀರಿಕೊಂಡ.

'ಆವತ್ತ ಅಲ್ಲಿದ್ದಾಂವ ಈಗ ನೀ ಒಬ್ಬನ ಉಳದೀಯಣ್ಣ. ಅಂವ ಕುಡದಿದ್ದಿಲ್ಲ, ಗ್ಯಾಸಿನಿಂದ ಕಣ್ಣು ಹೋದ್ವು ಅಂತ ಒಂದು ಚೀಟಿ ಬರಕೊಡು. ಊರ ಮಂದಿಗೆಲ್ಲಾ ಬರೀತಿ.'

ನೋಡೂಣು ಎಂದೆ. ನನ್ನ ಹೆಂಡತಿ ದೌಲತಬಿ ಚಹಾ ತಂದಿಟ್ಟಳು. ತಾಯವ್ವ ಕುಡಿಯಲಿಲ್ಲ, ಕಪ್ಪನ್ನು ಮಾತ್ರ ಒಳಕ್ಕೆ ಸರಿಸಿ ಇಟ್ಟು ಹೋದಳು, ಕಾಲು ತಾಗಿ ಒಡೆಯಬಾರದೆಂದು.

ಶಾಪ ಹಾಕುವಾಗ ಅಣ್ಣ ಅನ್ನಲಿಲ್ಲ. ಚೀಟಿ ಬೇಕಾದಾಗ ಅಣ್ಣ.

ರವಿವಾರ, 8 ಡಿಸೆಂಬರ್

ಎರಡನೇ ಕಂತು ಬಂತು. ಸಮಾಧಾನವಾಗಿ ಎರಡು ಸಲ ಓದಿದೆ.

ದಕ್ಷಿಣ ಧ್ರುವದ ಮೀನುಗಳ ರಕ್ತದಲ್ಲಿ ಸಕ್ಕರೆ ಅಂಟಿದ ಒಂದು ಬಗೆಯ ಪ್ರೋಟೀನು ಹರಿಯುತ್ತದಂತೆ. ನಾನು ತಿಳಿದದ್ದು, ಅದು ಬರ್ಫವನ್ನು ಒಳಗೇ ಬಿಡುವುದಿಲ್ಲ ಎಂದು. ಹಾಗಲ್ಲ. ಬರ್ಫದ ಹರಳು ಕುಡಿದ ನೀರಿನ ಜೊತೆ, ಕಿವಿರಿನ ದಾರಿಯಿಂದ ಒಳಗೆ ಬರುತ್ತಲೇ ಇರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದು. ಈ ಪ್ರೋಟೀನು ಹೋಗಿ ಅದನ್ನು ಸುತ್ತಿ ಹಿಡಿಯುತ್ತದೆ. ಬೆಳೆಯಗೊಡುವುದಿಲ್ಲ, ಅಷ್ಟೇ. ಮದುವೆಮನೆಗೆ ಜಗಳಗಂಟ ಸಂಬಂಧಿಕ ಬಂದರೆ ನಾಲ್ಕು ಜನ ಗಂಡುಮಕ್ಕಳು ಅವನ ಆಚೀಚೆ ಕೂತು ಮಾತಿಗೆ ಹಚ್ಚುವುದಿಲ್ಲವೇ, ಹಾಗೆ. ಹೊರಗೂ ಹಾಕುವುದಿಲ್ಲ, ಏಳಗೊಡುವುದೂ ಇಲ್ಲ. ಈ ಹೋಲಿಕೆಯನ್ನು ಆಸಿಫಾಳಿಗೆ ಬರೆದು ಕಳಿಸಿದೆ.

ಚಳಿಯಲ್ಲಿ ಮೀನಿನ ಮೈಯ ಕೊಬ್ಬು ಗಟ್ಟಿಯಾಗದ ಹಾಗೆ ಅದರ ಜಾತಿಯೇ ಬೇರೆ ಇರುತ್ತದಂತೆ. ಅವಳು ಅದನ್ನು ಒಂದೂವರೆ ಪುಟ ಬರೆದಿದ್ದಳು. ನಾನು ಹೊಡೆದುಹಾಕಿ ಎರಡು ಸಾಲು ಮಾಡಿದೆ: 'ಡಿಸೆಂಬರ್ ಮುಂಜಾನೆ ಅಡುಗೆಮನೆಗೆ ಹೋಗಿ ನೋಡು. ತುಪ್ಪ ಡಬ್ಬಿಯಲ್ಲಿ ಕಲ್ಲಾಗಿರುತ್ತದೆ, ಕುಸುಬಿ ಎಣ್ಣೆ ಹರಿಯುತ್ತಿರುತ್ತದೆ. ಈ ಮೀನುಗಳದ್ದು ಕುಸುಬಿ ಎಣ್ಣೆಯ ಮೈ.'

ಇನ್ನೊಂದು ಮೀನು, ಅದರ ರಕ್ತದಲ್ಲಿ ಕೆಂಪೇ ಇಲ್ಲ. ನೀರಿನ ಹಾಗೆ ತಿಳಿ. ತಂಪು ನೀರಿನಲ್ಲಿ ಉಸಿರುಗಾಳಿ ಹೆಚ್ಚು ಕರಗಿರುತ್ತದೆ, ಗುಂಡಿಗೆ ದೊಡ್ಡದು, ಹೇಗೋ ನಡೆಯುತ್ತದೆ. ಕೆಂಪು ಹೋದದ್ದು ಲಾಭಕ್ಕಲ್ಲ, ಅವಘಡಕ್ಕೆ ಹೋಯಿತು, ಹೋದ ಮೇಲೂ ಬದುಕಿಕೊಂಡವು ಎಂದು ಕೆಲವು ಪಂಡಿತರು ಹೇಳುತ್ತಾರಂತೆ. ಹಾಳೆಯ ಅಂಚಿಗೆ 'ಸರಿ ಇದೆ' ಎಂದು ಬರೆದೆ.

ಇವತ್ತೇ ಜೋಯಿಡಾದ ತಂಗಿಗೆ ಒಂದು, ಬೆಳಗಾವಿಯ ಅಳಿಯನಿಗೆ ಒಂದು ಪತ್ರ ಬರೆದೆ. ಮೂರನೇ ಹಾಳೆಯಲ್ಲಿ 'ತಾಜುದ್ದೀನನು ಬರೆದುಕೊಡುವ ಚೀಟಿ' ಎಂದು ಬರೆದು ಕೂತೆ. ಪೆನ್ನು ಮುಂದೆ ಹೋಗಲಿಲ್ಲ.

ನಾನೇನು ಅವನನ್ನು ಕುಡುಕ ಎಂದಿರಲಿಲ್ಲ. ಮ್ಯಾನೇಜರ್ ನನ್ನನ್ನು ಕೇಳಿದ, ಅವನ ಬಾಯಿಂದ ವಾಸನೆ ಬರುತ್ತಿತ್ತೇನು ಎಂದು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ಸುಳ್ಳಲ್ಲ.

ಬುಧವಾರ, 11 ಡಿಸೆಂಬರ್

ದೌಲತಬಿಯ ಜೊತೆ ಜಗಳ. ಚೀಟಿ ಬರೆದಾಯಿತೇ ಎಂದು ಮೂರು ದಿನದಿಂದ ಕೇಳುತ್ತಿದ್ದಾಳೆ. ಗೇಟಿನ ಮುಂದೆ ನನ್ನ ಮಾನ ತೆಗೆದವಳಿಗೆ ನಾನ್ಯಾಕೆ ಬರೆಯಬೇಕು ಎಂದೆ. ವಾಲ್ವ್ ಹತ್ತಿರ ನಾನು ಇರಲೇ ಇಲ್ಲ, ನಮಾಜಿಗೆ ಹೋಗಿದ್ದೆ, ಕಾಣದ್ದನ್ನು ಹೇಗೆ ಬರೆಯಲಿ ಎಂದೆ.

ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: 'ಮೂರು ಗಂಟೆಗೆ ಯಾವ ನಮಾಜ್ ರೀ?'

ಮಧ್ಯಾಹ್ನದ ನಮಾಜ್ ಒಂದೂವರೆಗೇ ಮುಗಿಯುತ್ತದೆ, ಮುಂದಿನದು ಐದಕ್ಕೆ. ಅವಳು ಮತ್ತೆ ಮೊರಕ್ಕೆ ಬಗ್ಗಿದಳು. ಎರಡು ಹರಳು ತೆಗೆದು ಅಂಗಳಕ್ಕೆ ಎಸೆದು ಒಳಗೆ ಹೋದಳು.

ಹನ್ನೊಂದು ವರ್ಷದಿಂದ ಇವಳ ಹತ್ತಿರ ಈ ಪ್ರಶ್ನೆ ಇತ್ತು. ಇಟ್ಟುಕೊಂಡು ನನಗೆ ರೊಟ್ಟಿ ಬಡಿದು ಹಾಕಿದ್ದಾಳೆ.

ಚಹಾಕ್ಕೆ ಹೋಗಿದ್ದೆ. ಚಹಾ ಕುಡಿಯುವುದು ಗುನ್ಹೆಯೇನು? ಗೇಟಿನಾಚೆಯ ಅಂಗಡಿ, ಕಾರವಾರದ ಮೀನಿನ ಗಾಡಿಯವರು ಇದ್ದರು, ಮಾತಿಗೆ ಮಾತು ಬೆಳೆಯಿತು. ಚಹಾ ಎಂದರೆ ಮ್ಯಾನೇಜರ್ ಹತ್ತು ಕೇಳುತ್ತಾನೆ, ನಮಾಜ್ ಎಂದರೆ ಯಾರೂ ಏನೂ ಕೇಳುವುದಿಲ್ಲ. ಅದಕ್ಕೆ ಹಾಗೆ ಅಂದದ್ದು.

ಗುರುವಾರ, 12 ಡಿಸೆಂಬರ್

ಮೋಡ. ಮೊಣಕಾಲು ನೋವು.

ಶನಿವಾರ, 14 ಡಿಸೆಂಬರ್

ಮೂರನೇ ಕಂತು. ಇದು ಉತ್ತರದ ಸಮುದ್ರದ ಕತೆ. ನೆಲದೊಳಗೆ ಚಾಚಿಕೊಂಡ ಆಳವಾದ ಖಾರಿಗಳು, ಅವುಗಳ ತಳದಲ್ಲಿ ಕೆಲವು ಮೀನು. ಇವುಗಳ ರಕ್ತದಲ್ಲಿ ಆ ಕಾವಲು ಪ್ರೋಟೀನು ಇಲ್ಲ. ಲೆಕ್ಕದಂತೆ ಅಲ್ಲಿಯ ಚಳಿಗೆ ಮೈ ಕಲ್ಲಾಗಬೇಕು, ಆಗಿಲ್ಲ. ಯಾಕೆಂದರೆ ಅಷ್ಟು ಆಳಕ್ಕೆ ಬರ್ಫದ ಹರಳು ಇಳಿಯುವುದಿಲ್ಲ. ಮುಟ್ಟುವವರಿಲ್ಲ, ಅದಕ್ಕೆ ಬದುಕಿವೆ. ಹಿಡಿದು ಮೇಲೆ ತಂದು ಒಂದು ಚೂರು ಬರ್ಫ ತಾಗಿಸಿದರೆ ನೋಡುನೋಡುತ್ತ ಸೆಟೆದುಹೋಗುತ್ತವಂತೆ.

ಸುಳ್ಳಲ್ಲ. ಡಬ್ಬಿಯಲ್ಲಿ ನಾನೇ ಕಂಡಿದ್ದೇನೆ. ಅಲುಗಾಡದೆ ತಂಪಾದ ತಿಳಿನೀರು ನೀರಾಗಿಯೇ ಇರುತ್ತದೆ. ಬೆರಳಿನಿಂದ ಒಮ್ಮೆ ಟಕ್ ಎಂದು ಬಡಿ, ಮೇಲಿನಿಂದ ಕೆಳಗಿನವರೆಗೆ ಬೆಳ್ಳಗೆ ಓಡುತ್ತದೆ.

ಅವತ್ತು ತಾಯವ್ವ ಬಂದಾಗ ನಾನು ಮನೆಯಲ್ಲಿ ಇರಬಾರದಿತ್ತು.

ವಾಲ್ವಿನ ಕತೆ ಬರೆದಿಡುತ್ತೇನೆ, ಇಲ್ಲಿ ಯಾರು ಓದಬೇಕು. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆ ಹೋಗಿ ಕೆಳಗಿನ ಟಾಕಿಯ ತಳದಲ್ಲಿ ಕೂಡುತ್ತದೆ. ವಾರಕ್ಕೊಮ್ಮೆ ಅದನ್ನು ಹೊರಗೆ ಬಿಡಬೇಕು. ಅದಕ್ಕೊಂದು ಸ್ಪ್ರಿಂಗಿನ ಹಿಡಿಕೆ. ಒತ್ತಿ ಹಿಡಿದಷ್ಟು ಹೊತ್ತು ಎಣ್ಣೆ ಬರುತ್ತದೆ, ಕೈ ಬಿಟ್ಟರೆ ತಾನೇ ಮುಚ್ಚುತ್ತದೆ. ಎಣ್ಣೆ ಮುಗಿದು ಸದ್ದು ಬದಲಾದ ಕೂಡಲೇ ಬಿಡಬೇಕು, ಇಲ್ಲವಾದರೆ ಹಿಂದೆಯೇ ಗ್ಯಾಸು. ಅರ್ಧ ತಾಸು ಒತ್ತಿ ಕೂತರೆ ರಟ್ಟೆ ಬಿದ್ದುಹೋಗುತ್ತದೆ. ಹಿಡಿಕೆಗೆ ತಂತಿ ಸುತ್ತಿ ಕಟ್ಟುವ ಉಪಾಯ ಮೊದಲು ಹುಡುಕಿದವನು ನಾನು. ಪುಂಡಲೀಕ ಬೇಡ ಅನ್ನುತ್ತಿದ್ದ. ಅವನನ್ನು ಹೆದರುಪುಕ್ಕ ಎಂದು ಕಾಡುತ್ತಿದ್ದೆ.

ಆ ದಿನ ತಂತಿ ಕಟ್ಟಿ ಚಹಾಕ್ಕೆ ಹೋದೆ. ಅವನು ಪಾಳಿಗೆ ಅರ್ಧ ತಾಸು ಮೊದಲೇ ಬಂದಿದ್ದ.

ಚೀಟಿ ಬರೆದೆ, ಕಡೆಗೂ. 'ಪುಂಡಲೀಕನ ಕಣ್ಣು ಗ್ಯಾಸಿನಿಂದ ಹೋದವು. ಅವನು ಕುಡಿದದ್ದನ್ನು ನಾನು ಕಂಡಿಲ್ಲ.' ಎರಡೂ ಖರೆ. ತಂತಿಯ ಮಾತು ಇದರಲ್ಲಿ ಬರಬೇಕಾಗಿಲ್ಲ. ನಾಳೆ ಎಂಟರ ಬಸ್ಸಿಗೆ ಹೋಗಿ ಕೊಟ್ಟು ಬರುತ್ತೇನೆ.

ರವಿವಾರ, 15 ಡಿಸೆಂಬರ್

ಹೋಗಲಿಲ್ಲ.

ಇಂದೂರಿನವರು ಒಕ್ಕಲುತನದ ಮಂದಿ. ಎತ್ತು ಕೊಳ್ಳುವಾಗ ಗೊರಸಿನಿಂದ ಹಲ್ಲಿನವರೆಗೆ ನೋಡುವವರು. ಚೀಟಿ ಓದಿ ಮಡಚಿ ಇಟ್ಟುಕೊಂಡು ಮೊದಲು ಕೇಳುವುದು ಒಂದೇ: ಹಂಗಾದ್ರ ವಾಲ್ವ್ ತೆಗದಾಂವ ಯಾರು? ಅಲ್ಲಿ ಕಂಬಳಿಯ ಮೇಲೆ ಕೂತು ಅದಕ್ಕೆ ನಾನು ಏನು ಹೇಳಲಿ.

ಬಸ್ ಸ್ಟಾಪಿನವರೆಗೆ ಹೋಗಿದ್ದೆ. ಎಂಟರ ಬಸ್ಸು ಬಂತು, ಹೋಯಿತು. ಒಂಬತ್ತೂವರೆಯದೂ. ಮನೆಗೆ ಬಂದು ಕೋಳಿಗಳಿಗೆ ನುಚ್ಚು ಹಾಕಿದೆ. ದೌಲತಬಿ ಊಟಕ್ಕೆ ತಾಟು ಇಟ್ಟಳು, ಜೊತೆಗೆ ಕೂಡಲಿಲ್ಲ.

ಮಂಗಳವಾರ, 17 ಡಿಸೆಂಬರ್

ತಾಯವ್ವನ ಫೋನು ಬಂತು. 'ಬಂದ್ರು, ಚಹಾ ಕುಡದ್ರು, ಹೋದ್ರು. ಚೀಟಿ ಇನ್ನ ಬ್ಯಾಡಣ್ಣ' ಎಂದಳು. ಇಟ್ಟಳು.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ಕೊಡಬೇಕಾದ ಉತ್ತರವನ್ನು ಎರಡು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ಅದು ಹಾಗೆಯೇ ಉಳಿಯಿತು.

ರವಿವಾರ, 22 ಡಿಸೆಂಬರ್

ಆಸಿಫಾಳ ಕಡೆಯ ಕಂತು. ಇದನ್ನು ಓದಿ ಹಾಳೆಯ ಮೇಲೆ ಯಾವ ಗುರುತೂ ಹಾಕಿಲ್ಲ.

ಬರ್ಫವನ್ನು ಬೆಳೆಯಗೊಡದ ಆ ಪ್ರೋಟೀನಿಗೆ ಇನ್ನೊಂದು ಗುಣ ಇದೆಯಂತೆ. ಅದು ಸುತ್ತಿ ಹಿಡಿದ ಹರಳು ಸುಲಭಕ್ಕೆ ಕರಗುವುದೂ ಇಲ್ಲ. ಬೇಸಿಗೆ ಬಂದು ನೀರು ಅಷ್ಟಿಷ್ಟು ಬೆಚ್ಚಗಾದರೂ, ಹೊರಗಿದ್ದರೆ ಕರಗಿ ಹೋಗಬೇಕಾದ ಬರ್ಫ, ಮೀನಿನ ಒಳಗೆ ಹಾಗೆಯೇ ಕೂತಿರುತ್ತದೆ. ಒಂದೊಂದು ಮೀನು ಜೀವಮಾನವೆಲ್ಲ ಅದನ್ನು ಹೊತ್ತುಕೊಂಡೇ ತಿರುಗುತ್ತದೋ ಏನೋ ಎಂದು ಬರೆದಿದ್ದಾಳೆ. ಉಳಿಸುವುದೂ ಅದೇ, ಕರಗಗೊಡದಿರುವುದೂ ಅದೇ.

ನಾನು ಮೂವತ್ತೊಂದು ವರ್ಷ ಬರ್ಫದ ಜೊತೆ ಇದ್ದವನು. ಮರದ ಹೊಟ್ಟಿನಲ್ಲಿ ಮುಚ್ಚಿಟ್ಟರೂ, ಗೋಣಿ ಸುತ್ತಿದರೂ, ಕಾರವಾರ ಮುಟ್ಟುವುದರೊಳಗೆ ಕಾಲುಭಾಗ ನೀರು. ಕರಗದ ಬರ್ಫ ನಾನು ಕಂಡಿರಲಿಲ್ಲ.

ಪುಸ್ತಕದ ಮೊದಲ ಪುಟದ ಮಾತನ್ನೂ ಇದರ ಜೊತೆ ಇಟ್ಟಿದ್ದಳು. 'ಈ ಪುಸ್ತಕ ನನ್ನ ದಾದಾ ಅವರಿಗೆ. ಮೂವತ್ತೊಂದು ವರ್ಷ ಬರ್ಫ ಮಾಡಿದವರು, ತಮ್ಮ ಕೈಯಿಂದ ಒಂದು ತಪ್ಪೂ ಆಗದಂತೆ.' ಎರಡನೇ ಸಾಲಿನ ಕಡೆಯ ತುಂಡನ್ನು ಹೊಡೆದುಹಾಕಿದೆ. ಯಾಕೆಂದು ಬರೆಯಲಿಲ್ಲ. ಪುಂಡಲೀಕ ಕಾಕಾ ಕುಡಿದು ಕಣ್ಣು ಕಳಕೊಂಡವನು ಎಂದೇ ಅವಳೂ ತಿಳಿದು ಬೆಳೆದದ್ದು. ನಮ್ಮ ಮನೆಯಲ್ಲೇ ಕೇಳಿದ್ದು.

ಮ್ಯಾನೇಜರ್ ಕೇಳಿದಾಗ ನಾನು ಸುಮ್ಮನಿರಲಿಲ್ಲ. ಬರ್ತಿತ್ತ್ರಿ ಸಾಹೇಬ್ರ, ವಾಸನಿ ಬರ್ತಿತ್ತು, ಅಂದೆ. ಅವನಿಗೂ ಅದೇ ಬೇಕಿತ್ತು, ಮಾಲಕರ ಮೇಲೆ ಏನೂ ಬರುವುದಿಲ್ಲ. ಅದಕ್ಕಿಂತ ಮೊದಲು, ಮುಖಕ್ಕೆ ಒದ್ದೆ ಗೋಣಿ ಕಟ್ಟಿಕೊಂಡು ಒಳಗೆ ನುಗ್ಗಿ ವಾಲ್ವ್ ಮುಚ್ಚಿದವನು ನಾನೇ. ಎಲ್ಲರೂ ಶಾಬಾಸ್ ಅಂದರು. ಮುಚ್ಚುವಾಗ ತಂತಿ ಬಿಚ್ಚಿ ಉಪ್ಪುನೀರಿನ ಟಾಕಿಯಲ್ಲಿ ಬಿಟ್ಟೆ. ಪುಂಡಲೀಕ ಅಲ್ಲೇ ಬಿದ್ದಿದ್ದ. ಮೊದಲು ತಂತಿ, ಆಮೇಲೆ ಅವನು.

ಇದಿಷ್ಟನ್ನೂ ಬೇರೆ ಹಾಳೆಯಲ್ಲಿ ಬರೆದೆ. ಒಂದು ಪುಟ ಆಯಿತು. ಅಕ್ಷರ ಚೆನ್ನಾಗಿ ಬಂದಿವೆ.

ರವಿವಾರ, 29 ಡಿಸೆಂಬರ್

ತೇರಗಾಂವಕ್ಕೆ ಹೋಗಿ ಬಂದೆ.

ಬಸ್ಸಿನಲ್ಲಿ ಕೂತಾಗ ಅಂದುಕೊಂಡಿದ್ದೆ, ಹಾಳೆ ಕೈಗೆ ಕೊಟ್ಟು ಹೊರಗೆ ಕೂಡುತ್ತೇನೆ, ಓದಿಕೊಳ್ಳಲಿ. ಪತ್ರ ಬರೆದು ಬರೆದು ನನಗೆ ಆ ರೂಢಿ. ಬರೆದವನು ಒಂದೂರಲ್ಲಿ, ಓದುವವನು ಇನ್ನೊಂದೂರಲ್ಲಿ. ಪುಂಡಲೀಕನಿಗೆ ಕಣ್ಣಿಲ್ಲ, ತಾಯವ್ವನಿಗೆ ಅಕ್ಷರ ಬಾರದು ಎಂಬುದು ಅವರ ಹೊಸ್ತಿಲು ದಾಟುವವರೆಗೆ ಹೊಳೆಯಲೇ ಇಲ್ಲ.

ಪಡಸಾಲೆಯ ಗೋಡೆಗೆ ಆತುಕೊಂಡು ಕೂತಿದ್ದ. ಎದೆ ಗೊರಗೊರ ಎನ್ನುತ್ತಿತ್ತು. ನಾನು ಮಾತಾಡುವುದಕ್ಕಿಂತ ಮೊದಲೇ, ಚಪ್ಪಲಿ ಬಿಟ್ಟ ಸದ್ದಿಗೆ, 'ತಾಜ್ಯಾ, ಈಗ ಬಂದೇನು?' ಎಂದ. ಬರೆದು ತಂದೀನಿ ಎಂದೆ. ದಾನೇಶ್ವರಿ ಒಳಬಾಗಿಲಲ್ಲಿ ನಿಂತಿದ್ದಳು. ಹದಿಮೂರು ವರ್ಷದ ಹುಡುಗಿಯಾಗಿದ್ದಾಗ ಕಂಡದ್ದು, ಈಗ ತಾಯಿಯಷ್ಟೇ ಎತ್ತರ. ಓದಿ ಹೇಳವ್ವಾ ಎಂದು ನಾನು ಹಾಳೆಯನ್ನು ಅವಳ ಕಡೆ ಹಿಡಿದೆ.

'ಹುಣ್ಣಿಮಿ ದಿನ ಬಸ್ಸ ಇದ್ದಿದ್ದಿಲ್ಲೇನ ಕಾಕಾ?' ಎಂದಳು. ಹಾಳೆ ಮುಟ್ಟಲಿಲ್ಲ.

'ಬರದಾಂವನ ಓದಲಿ' ಎಂದ ಪುಂಡಲೀಕ.

ಓದಿದೆ. ಊರ ಮಂದಿಯ ಪತ್ರವನ್ನೆಲ್ಲ ಓದಿ ಹೇಳಿದವನು ನಾನು, ಸಾವಿನ ಸುದ್ದಿಯನ್ನೂ ನಡುಗದೆ ಓದಿದವನು. ಇದರಲ್ಲಿ ನಾಲ್ಕನೇ ಸಾಲನ್ನೇ ಎರಡು ಸಲ ಓದಬೇಕಾಯಿತು. ಚಹಾದ ಅಂಗಡಿ ಓದಿದೆ. 'ಹಿಡಿಕೆಗೆ ತಂತಿಯನ್ನು ಎರಡು ಸುತ್ತು ಸುತ್ತಿ' ಎನ್ನುವಲ್ಲಿ ಪುಂಡಲೀಕ ಕೈ ಎತ್ತಿದ.

'ಮೂರು' ಎಂದ. 'ಮೂರು ಸುತ್ತ ಇತ್ತು. ನಾ ಎಣಿಸೇನಿ, ಬಿಚ್ಚೂ ಮುಂದ. ಎರಡ ಬಿಚ್ಚೂತನಾ ಕಣ್ಣ ಕಾಣ್ತಿದ್ವು.'

ನಾನು ಪೆನ್ನು ತೆಗೆದು ಎರಡನ್ನು ಹೊಡೆದು ಮೂರು ಎಂದು ಬರೆದೆ. ಪೆನ್ನಿನ ಸದ್ದು ನಿಲ್ಲುವವರೆಗೆ ಅವನು ಕಾದ.

ದವಾಖಾನೆಯಲ್ಲಿದ್ದಾಗ ಅವನು ಮ್ಯಾನೇಜರಿಗೆ ತಂತಿಯ ವಿಷಯ ಹೇಳಿದ್ದನಂತೆ. ಹುಡುಕಿದರಂತೆ, ತಂತಿ ಸಿಗಲಿಲ್ಲ. ಅಮಲಿನಾಗ ಏನೇನೋ ಕಂಡದ್ದು ಅಂದರಂತೆ. ಒಂದೆರಡು ವರ್ಷ ಆದ ಮೇಲೆ ತನಗೇ ಅನುಮಾನ ಬರಲಿಕ್ಕೆ ಹತ್ತಿತು ಎಂದ, ತಂತಿ ಖರೇನ ಇತ್ತೋ ಇಲ್ಲೋ ಎಂದು. ಕೈ ಮಾತ್ರ ಮರೆಯಲಿಲ್ಲವಂತೆ. ಇದನ್ನು ಹೇಳುವಾಗ ಅವನ ಬಲಗೈಯ ಎರಡು ಬೆರಳು ಗಾಳಿಯಲ್ಲಿ ಏನನ್ನೋ ಬಿಚ್ಚುತ್ತಿದ್ದವು. ನಾನು ಹಾಳೆ ನೋಡುತ್ತ ಕೂತೆ.

ಮುಗಿಸಿದೆ. ಮಾಫ್ ಮಾಡು ಎನ್ನಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಇತ್ತು. ಅವನು ಅದಕ್ಕೆ ಜಾಗ ಕೊಡಲಿಲ್ಲ.

'ತಾಯವ್ವ, ಬಾಗಿಲಾ ಪೂರ್ತಿ ತಗಿ' ಎಂದ. 'ಈಗ ಕಟ್ಟಿ ಮ್ಯಾಲ ಕುಂತು ಜೋರಾಗಿ ಓದು.'

ಕಟ್ಟೆಗೆ ಬಂದು ಓದಿದೆ. ಎದುರು ಮನೆಯ ಹೊಳೆವ್ವ ಕಸಬರಿಗೆ ಹಿಡಿದವಳು ಹಾಗೇ ನಿಂತಳು. ಗಿರಣಿಗೆ ಹೊರಟಿದ್ದ ಇಬ್ಬರು ಹೆಣ್ಣುಮಕ್ಕಳು ಚೀಲ ಇಳಿಸಿದರು. ಒಬ್ಬ ಮುದುಕ ಬಂದು ಏನ ನಡದೈತಿ, ಮೊದಲಿಂದ ಹೇಳ್ರಿ ಎಂದ. ಮೊದಲಿಂದ ಓದಿದೆ. ವಾಸನೆಯ ಸಾಲು ಬಂದಾಗ ಹೊಳೆವ್ವ, 'ಅಯ್ಯ, ಇಂವನ ಅಂದಾಂವೇನು? ನಾವು ಖರೇ ಅಂತ ತಿಳದಿದ್ದಿವೆವ್ವಾ' ಎಂದಳು. ಯಾರೂ ನನಗೆ ಬೈಯಲಿಲ್ಲ. ನನ್ನ ಟೊಪ್ಪಿಗೆಯನ್ನೂ ಕಾಲನ್ನೂ ನೋಡಿದರು. ಆಮೇಲೆ ಚೀಲ ಹೊತ್ತು ಗಿರಣಿಗೆ ಹೋದರು.

ತಾಯವ್ವ ನೀರು ಕೊಟ್ಟಳು, ಕೇಳದೆಯೇ. ತಂಬಿಗೆಯನ್ನು ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲೆ ಇಟ್ಟಳು. ಕುಡಿದೆ.

ಹೊರಡುವಾಗ ಹಾಳೆ ಮಡಚಿ ಪುಂಡಲೀಕನ ಕೈಯೊಳಗೆ ಇಟ್ಟೆ. ಅವನು ಅದನ್ನು ತಿರುಗಿ ನನ್ನ ಅಂಗಿಯ ಕಿಸೆ ತಡವಿ ಅದರೊಳಗೆ ತುರುಕಿದ.

'ಕಾಗದ ತಗೊಂಡು ನಾ ಏನ ಮಾಡ್ಲಿ? ಚೀಟಿ ಅಂದ್ರ ಯಾರರ ಬರದು ಕೊಟ್ಟಿರ್ತಾರ ಅಂತಾರ. ನನಗ ನಿನ್ನ ಬಾಯಿ ಬೇಕು. ಸಂಕ್ರಮಣ ಆಗಲಿ, ಮತ್ತ ವರ ಬರತಾವು. ಯಾರ ಬಂದ್ರೂ ಹೇಳಿ ಕಳಸ್ತೇನಿ. ಬರಬೇಕು. ಬಂದು ಅವರ ಮುಂದ ಓದಬೇಕು.'

ಎಷ್ಟು ಸಲ ಎಂದು ಕೇಳಿದೆ. ಕೇಳಬಾರದಿತ್ತು.

'ನನಗ ಎಷ್ಟ ಮಂದಿ ಕುಡುಕ ಅಂದಾರ, ಎಣಿಸೀಯೇನು?' ಎಂದ. ಅಷ್ಟರಲ್ಲಿ ಕೆಮ್ಮು ಬಂತು. ದಾನೇಶ್ವರಿ ಬಂದು ಬೆನ್ನು ತಿಕ್ಕಿದಳು. ಕೆಮ್ಮು ನಿಲ್ಲುವವರೆಗೆ ನಾನು ನಿಂತಿದ್ದೆ, ಆಮೇಲೆ ಬಸ್ಸಿಗೆ ನಡೆದೆ.

ಸೋಮವಾರ, 27 ಜನವರಿ 2025

ನಿನ್ನೆ ತೇರಗಾಂವದಿಂದ ಮೊದಲ ಕರೆ. ದಾನೇಶ್ವರಿಯನ್ನು ನೋಡಲು ಹಳಿಯಾಳದ ಕಡೆಯವರು ಬಂದಿದ್ದರು. ಓದಿದೆ. ಕೇಳಿಸಿಕೊಂಡರು. ಹುಡುಗನ ಸೋದರಮಾವ ಒಬ್ಬ, ಇಂಥಾವನನ್ನು ನಿಮ್ಮ ಮನೆಯಲ್ಲಿ ಹೇಗೆ ಕೂಡಿಸಿಕೊಳ್ಳುತ್ತೀರಿ ಎಂದು ಪುಂಡಲೀಕನನ್ನು ಕೇಳಿದ. ಅವನು, ಓದಾಕ ಕೂಡಸೇನ್ರಿ ಎಂದ. ತಿಳಿಸುತ್ತೇವೆ ಎಂದು ಹೋದರು.

ಮನೆಯಲ್ಲಿ ದೌಲತಬಿಯ ಮುಂದೆಯೂ ಒಂದು ಸಲ ಓದಿದೆ. ಅವಳು ಕಡೆಯವರೆಗೆ ಕೇಳಿ, ಊಟಕ್ಕೆ ಬರ್ರಿ ಎಂದಳು.

ಸೋಮವಾರ, 10 ಫೆಬ್ರವರಿ

ಎರಡನೆಯವರು ಹೊಲ ಎಷ್ಟು ಎಕರೆ, ಹುಡುಗಿ ಎಷ್ಟು ಕಲಿತಿದ್ದಾಳೆ, ಇಷ್ಟೇ ಕೇಳಿದರು. ಕಣ್ಣಿನ ಸುದ್ದಿ ಎತ್ತಲೇ ಇಲ್ಲ. ಹಾಗಾದರೆ ಇವತ್ತು ಓದುವುದು ಬೇಡವೇನೋ ಎಂದು ಚಪ್ಪಲಿ ನೋಡಿಕೊಳ್ಳುತ್ತಿದ್ದೆ. ಪುಂಡಲೀಕ, 'ತಾಜ್ಯಾ, ಓದು' ಎಂದ. ಅವರು ಅವಲಕ್ಕಿ ತಿನ್ನುತ್ತ ಕೇಳಿದರು. ಒಬ್ಬ ನಡುವೆ ಉಪ್ಪು ಬೇಡಿದ.

ರವಿವಾರ, 23 ಫೆಬ್ರವರಿ

ಆಸಿಫಾಳ ಫೋನು ಬಂದಿತ್ತು. ಪುಸ್ತಕ ಅಚ್ಚಿಗೆ ಹೋಯಿತಂತೆ. ಮೊದಲ ಪುಟದ ಆ ಸಾಲು ಯಾಕೆ ಹೊಡೆದಿರಿ ದಾದಾ ಎಂದಳು. ಶಿವರಾತ್ರಿ ರಜೆಗೆ ಬಾ, ಕೂಡಿಸಿ ಓದಿ ಹೇಳುತ್ತೇನೆ ಎಂದೆ. ನಕ್ಕಳು, ಹೊಸ ಕತೆ ಬರೆದಿದ್ದೇನೆ ಎಂದು ತಿಳಿದಿದ್ದಾಳೆ.

ಇವತ್ತು ಮುಂಡಗೋಡ ಕಡೆಯಿಂದ ಬೇರೊಬ್ಬರು ಬರುತ್ತಾರಂತೆ. ತಾಯವ್ವ ಹೇಳಿ ಕಳಿಸಿದ್ದಾಳೆ, ಹತ್ತರೊಳಗೆ ಬರಬೇಕಂತೆ. ಎಂಟರ ಬಸ್ಸಿಗೆ ಹೊರಟಿದ್ದೇನೆ. ಹಾಳೆ ಮಡಿಕೆಯಲ್ಲಿ ಹರಿದಿದೆ, ಮನೆಯಲ್ಲೇ ಇಟ್ಟೆ. ಹೇಳುವುದಕ್ಕೆ ಈಗ ಅದು ಬೇಕಾಗುವುದಿಲ್ಲ.